ಆತು ಅಂದ ಯಂತ್ರ

ಅಕ್ಕಲಕೋಟ
೪ ಆಗಸ್ಟ್ ೧೯೯೭

ಸ್ನೇಹಲ,

ಈ ಕಾಗದ ಓದಾಕತ್ತೀಯೋ, ಇಲ್ಲ ಹಿಂದಿನ ಕಾಗದದಂಗ ಗಾದಿ ಕೆಳಗ ತುರುಕಾಕತ್ತೀಯೋ? ಓದೂದಿದ್ರ ಕುಂತು ಓದು. ನಿಂತು ಓದಿದ್ದು ನಿನ್ನ ತಲಿಗೆ ಹತ್ತಂಗಿಲ್ಲ, ಸಣ್ಣಾಕಿದ್ದಾಗಿಂದ ನೋಡೀನಿ. ಸೊಲ್ಲಾಪುರ ಏನು ಸಮುದ್ರದ ಆಚಿ ಅದ ಏನು? ಕುಂಭಾರಿ ದಾಟಿದ್ರ ಬಂತು. ಹಾಲು ಹಾಕೂ ಮಂದಿ ದಿನಾ ಹೋಗಿ ಬರ್ತಾರ. ನಿನಗ ಬರಾಕೂ ಆಗಂಗಿಲ್ಲ, ಬರಿಯಾಕೂ ಆಗಂಗಿಲ್ಲ. ಕಂಪ್ಯೂಟರ ಮುಂದ ಕುಂತು ಕುಂತು ಬೆರಳು ಸವದು ಹೋದ್ವೇನು?

ನಿನ್ನ ಉಮಾ ಅತ್ತಿ ಹೋಗಿ ತಿಂಗಳಾಗಾಕ ಬಂತು. ನನ್ನ ಹೊಟ್ಟ್ಯಾಗ ನಿಮ್ಮಪ್ಪನ ಬೆನ್ನಿಗೆ ಹುಟ್ಟಿದಾಕಿ, ಗಂಡ ಸತ್ತ ಮ್ಯಾಲ ತವರಿಗೆ ಬಂದು ನಿನ್ನ ಬಗಲಾಗ ಎತ್ತಿಕೊಂಡು ಬೆಳಸಿದಾಕಿ. ಮಣ್ಣಿಗೆ ಬಂದಿ, ಅಳಕೋತ ಕುಂತಿ. ಮರುದಿನ "ದವಾಖಾನಿಗೆ ಹೋಗಿ ಬರ್ತೀನಿ ಆಯಿ" ಅಂತ ಹೋದಾಕಿ ಮಧ್ಯಾಹ್ನಕ್ಕ ಹೊಳ್ಳಿ ಬಂದಿ. ಮಾರಿ ನೋಡಿದ್ರ ಹಿಂಡಿದ ಅರಿವಿ ಆಗಿತ್ತು. ಏನವ್ವಾ ಅಂದ್ರ ಏನಿಲ್ಲ ಅಂದಿ. ಊಟ ಬಿಟ್ಟು ಸಿಕ್ಕ ಬಸ್ಸಿಗೆ ಹೋದಿ. ಅವತ್ತಿನಿಂದ ಒಂದು ಅಕ್ಷರ ಇಲ್ಲ.

ಮಣ್ಣಿನ ಗದ್ದಲದಾಗ ನಿನಗ ಯಾರು ಏನು ಹೇಳಿದ್ರೋ ಗೊತ್ತಿಲ್ಲ, ಅದಕ್ಕ ಸುರುವಿನಿಂದ ಬರೀತೀನಿ. ಜೂನದಾಗ ಉಮಾಗ ಜ್ವರ ಬಂದು ಟ್ರಸ್ಟಿನ ದವಾಖಾನ್ಯಾಗ ಸೂಜಿ ಮಾಡಿದ್ರು. ಮಾಡಿದ ಗಳಿಗ್ಯಾಗ ತುಟಿ ಬಾತು ಉಸಿರು ಸಿಕ್ಕೊಂತು. ಹಳೇ ಡಾಕ್ಟರ ಇದ್ರು, ಹ್ಯಾಂಗೋ ಉಳಿಸಿದ್ರು. ಈ ಮದ್ದು ಈಕಿಗಿ ಎಂದೂ ಕೊಡಬಾರದು ಅಂತ ಚೀಟಿ ಬರದು ಅಣ್ಣಾರಾಯನ ಕೈಗೆ ಕೊಟ್ರು. ನಮ್ಮ ಓಣಿ ಗುರುಬಾಯಿ ಮಗ. ಹೋದ ವರ್ಷ ನೀನ ಬಂದು ದವಾಖಾನ್ಯಾಗ ಕಂಪ್ಯೂಟರ ಯಂತ್ರ ಕೂಡಿಸಿ, ಅದರ ಕೆಲಸ ಕಲಿಸಿ ಹೋದೆಲ್ಲ, ಅವಗ. ಡಾಕ್ಟರ ಬರದ ಚೀಟಿ ನೋಡಿ, ಅಕ್ಷರ ಬಡದು ಯಂತ್ರದಾಗ ಹಾಕೂದು ಅವನ ಕೆಲಸ.

ಜುಲೈದಾಗ ಉಮಾನ ಕಾಲಿಗೆ ಸಲಿಕಿ ಬಡದು ಕೀವಾತು. ಹಳೇ ಡಾಕ್ಟರ ಬ್ಯಾರೆ ಊರಿಗೆ ಹೋಗಿದ್ರು. ಹೊಸಬರು ಯಂತ್ರದಿಂದ ಉಮಾನ ಹಾಳಿ ತಗಿಸಿದ್ರು. ಅದರಾಗ ಏನೂ ಇಲ್ಲ. "ಒಂದು ಸೂಜಿ ನನಗ ಆಗಂಗಿಲ್ಲರಿ" ಅಂದ್ಲು ಉಮಾ. ಯಾವದು ಅಂದ್ರ ಆಕಿಗೇನು ಹೆಸರು ಬರ್ತದ. ನರ್ಸಬಾಯಿ ಹಾಳಿ ತೋರಿಸಿ "ಇದರಾಗ ಏನೂ ಇಲ್ಲ ಬಾಯಿ" ಅಂದ್ಲು. ನಾನೂ ಬಾಜೂಕ ಕುಂತಿದ್ದೆ. ಸುಮ್ಮಕಿರು ಉಮಾ, ಅದು ನಮ್ಮ ಸ್ನೇಹಲ ಕೂಡಿಸಿದ ಯಂತ್ರ, ಅದರಾಗ ಇಲ್ಲಂದ್ರ ಇಲ್ಲ ಅಂತ ನಾನೂ ಅಂದೆ. ಅದ ಸೂಜಿ ಮತ್ತ ಮಾಡಿದ್ರು. ಬೆಂಚಿನ ಮ್ಯಾಲ ಕುಂತಲ್ಲೇ ಹೋದ್ಲು.

ಈಗ ಅಣ್ಣಾರಾಯ ಅಂತಾನ, ನಾ ಹಾಕೀನಿ ಅಂತ. ಹಾಕಿದ್ರ ಎಲ್ಲಿ ಹೋತು? ಚೀಟಿ ಎಲ್ಲಿ ಅಂದ್ರ ಹರದು ಒಗದೀನಿ ಅಂತಾನ. ಅವನ ಕೈ ಸೇದಿ ಹೋಗಲಿ.

ಟ್ರಸ್ಟಿನವರು ಚೌಕಶಿ ಇಟ್ಟಾರ, ಎಲ್ಲಾರನ್ನೂ ಕರದು ಕೇಳತಾರಂತ. ಆ ಯಂತ್ರ ಹ್ಯಾಂಗ ನಡೀತದ ಅಂತ ಬಲ್ಲಾಕಿ ನಮ್ಮ ಮನ್ಯಾಗ ನೀ ಒಬ್ಬಾಕಿ. ಬಂದು, ಇಂವ ಹಾಕೇ ಇಲ್ಲ, ಸುಳ್ಳ ಹೇಳಾಕತ್ತಾನ ಅಂತ ಒಂದು ಮಾತು ಹೇಳಿ ಹೋಗು. ಅತ್ತಿ ಸಲುವಾಗಿ ಅಷ್ಟಾದ್ರೂ ಮಾಡು.

ನಿನ್ನ ಆಯಿ
ಶಾರದಾಬಾಯಿ

---

ಅಕ್ಕಲಕೋಟ
೨೭ ಆಗಸ್ಟ್ ೧೯೯೭

ಸ್ನೇಹಲ,

ಖಡಕ್ ರೊಟ್ಟಿ, ಶೇಂಗಾ ಚಟ್ನಿ ಬುತ್ತಿ ಕಟ್ಟಿ ಕಂಡಕ್ಟರ ಕಲ್ಲಣ್ಣನ ಕೈಲಿ ಕಳಿಸಿದ್ದೆ. ಡ್ಯೂಟಿ ಮುಗಿಸಿ ಸಾತ್ ರಸ್ತಾದ ನಿನ್ನ ಖೋಲಿ ತನಕ ನಡಕೋತ ಹೋಗ್ಯಾನ ಪಾಪ. ಬುತ್ತಿ ಕಟ್ಟಿದಂಗ ಹೊಳ್ಳಿ ಬಂತು. "ಬಡದೆ ಆಯಿ, ಮತ್ತೊಮ್ಮೆ ಬಡದೆ, ಒಳಗ ಲೈಟ ಹತ್ತಿತ್ತು, ಬಾಗಲಾ ತಗೀಲಿಲ್ಲ" ಅಂದ. ಚಟ್ನಿ ನಿಮ್ಮಪ್ಪ ತಿಂದ. ಅವಗ ಯಾರ ಬುತ್ತಿ ಆದ್ರೇನು.

ಚೌಕಶಿ ಆತು. ನನ್ನನ್ನೂ ಕರದ್ರು. ಕುರ್ಚಿ ಕೊಟ್ರು, ಚಹಾ ಕೊಟ್ರು. ಆಮ್ಯಾಲ ಅಣ್ಣಾರಾಯನ್ನ ನಿಂದ್ರಿಸಿ ಕೇಳಿದ್ರು. "ನಾ ಹಾಕೀನ್ರಿ. ಪರದೆ ಮ್ಯಾಲ ಬಂತು, ಕಣ್ಣಿಲೆ ನೋಡೀನಿ" ಅಂದ. "ಮತ್ತ ಎಲ್ಲಿ ಹೋತೋ, ಇಲಿ ತಿಂತೇನು?" ಅಂದ್ರು ಒಬ್ಬರು. ಎಲ್ಲಾರೂ ನಕ್ರು. ನಾನೂ ನಕ್ಕೆ. ಮುಂದ ನನ್ನ ಜಬಾಬ್ ಬರಕೊಂಡ್ರು. ಇಂವ ಮೊದಲಿಂದ ಮೈಗಳ್ಳ, ಯಂತ್ರದ ಮುಂದ ಕುಂತು ಹರಟಿ ಹೊಡಿಯಾಂವ, ನನ್ನ ಮಗಳ ಜೀವ ಇವನ ಕೈಯಾಗ ಹೋತು ಅಂತ ಹೇಳಿ ಸಹಿ ಮಾಡಿದೆ. ನನ್ನ ಸಹಿ ನೋಡಿ "ಆಯಿ, ಮೋತಿ ಪೋಣಿಸಿದಂಗ ಬರೀತೀರಿ" ಅಂದ್ರು. ಮೂರನೇ ಇಯತ್ತಾದಾಕಿ ಇಷ್ಟು ಬರೀತಾಳ, ಪದವಿ ಮಾಡಿದಾಕಿಗಿ ಒಂದು ಕಾರ್ಡ ಬರಿಯಾಕ ಆಗಂಗಿಲ್ಲ ಅಂತ ನಿನ್ನ ನೆನಸಿಕೊಂಡೆ.

ಅಣ್ಣಾರಾಯನ್ನ ಕೆಲಸದಿಂದ ತಗದಾರ. ಕೇಸ ಪೋಲಿಸರಿಗೆ ಕೊಟ್ಟಾರ. ಅವಗ ಲಗ್ನ ಗೊತ್ತಾಗಿತ್ತಲ್ಲ, ಆ ಕುಂಭಾರಿ ಕನ್ಯಾದವರು ನಿಶ್ಚೇ ಮುರಕೊಂಡ್ರು. ಮೊನ್ನೆ ಸಂತ್ಯಾಗ ಗುರುಬಾಯಿ ಬದನಿಕಾಯಿ ಆರಸ್ತಿದ್ಲು. ನಡು ಪ್ಯಾಟ್ಯಾಗ ನಿಂತು, ನಿನ್ನ ಮಗ ನನ್ನ ಮಗಳನ್ನ ತಿಂದಾನ, ಅವಗ ಬದನಿಕಾಯಿ ಬ್ಯಾರೆ ಬೇಕೇನ ಅಂದೆ. ಆರಿಸಿದ್ದು ಅಲ್ಲೇ ಸುರುವಿ ಹೋದ್ಲು. ಮಂದಿ ನೋಡಿದ್ರು. ನೋಡಲಿ.

ಕಾಗದ ಹಾಕು.

ನಿನ್ನ ಆಯಿ

---

ಸೊಲ್ಲಾಪುರ
೧೦ ಸಪ್ಟೆಂಬರ್ ೧೯೯೭

ಆಯಿಗೆ ನಮಸ್ಕಾರ.

ನಾ ಆರಾಮ ಇದ್ದೀನಿ. ಕೆಲಸ ಭಾಳ ಅದ. ನನ್ನ ಕನ್ನಡ ಅಕ್ಷರ ಸೊಟ್ಟ ಅವ, ಸಾಲಿ ಎಲ್ಲಾ ಮರಾಠಿದಾಗ ಆತು, ಇಷ್ಟು ಬರೂದೂ ಉಮಾ ಅತ್ತಿ ಕಲಿಸಿದ್ದು. ತಪ್ಪಿದ್ರ ನಗಬ್ಯಾಡ.

ಒಂದು ಕೇಳ್ತೀನಿ. ಅಣ್ಣಾರಾಯಗ ಇನ್ನ ಏನೂ ಅನಬ್ಯಾಡ. ಗುರುಬಾಯಿಗೂ ಅನಬ್ಯಾಡ. ಪೋಲಿಸರು ಕೇಳಿದ್ರ ಮತ್ತ ಜಬಾಬ್ ಕೊಡಬ್ಯಾಡ. ಯಾಕ ಅಂತ ಈಗ ಬರಿಯಾಕ ಆಗಂಗಿಲ್ಲ.

ಬುತ್ತಿ ಕಳಸಬ್ಯಾಡ. ಕಲ್ಲಣ್ಣ ಮಾಮಾಗ ತ್ರಾಸು.

ಸ್ನೇಹಲ

---

ಅಕ್ಕಲಕೋಟ
೧೬ ಸಪ್ಟೆಂಬರ್ ೧೯೯೭

ಸ್ನೇಹಲ,

ತಿಂಗಳಗಟ್ಟಲೆ ಬಾಯಿ ಮುಚಗೊಂಡು ಕುಂತಾಕಿ ಬಾಯಿ ತಗದು ಏನಂದಿ? ಅಣ್ಣಾರಾಯಗ ಏನೂ ಅನಬ್ಯಾಡ. ಅತ್ತಿ ಹೆಸರು ಅಕ್ಷರದ ಮಾತಿಗೆ ಒಮ್ಮೆ ಬಂತು, ಕಾಳಜಿ ಎಲ್ಲಾ ಅವಂದು ಬಂತು.

ಅಂವ ನಿನಗ ಏನಾಗಬೇಕು? ಹೋದ ವರ್ಷ ಕೆಲಸ ಕಲಸ್ತೀನಿ ಅಂತ ವಾರಗಟ್ಟಲೆ ಯಂತ್ರದ ಮುಂದ ಇಬ್ಬರೂ ಕುಂತಿದ್ರಿ. ನಾ ಆವಾಗ ಏನೂ ಅನಲಿಲ್ಲ. ಯಂತ್ರದ ಪೂಜಿ ದಿನ ಕಾಯಿ ಒಡದು, ಅದರ ಹಣಿಗೆ ಕುಂಕುಮ ಹಚ್ಚಿ, ನಿನಗೂ ಹಚ್ಚಿದ್ದ. ಆವಾಗೂ ಅನಲಿಲ್ಲ. ಕುಂಭಾರಿ ನಿಶ್ಚೇ ಮುರದದ್ದು ನಿನಗ ಸಿಹಿ ಆಗಿದ್ರ ಸೀದಾ ಬರಿ. ಮುದುಕಿಗೆ ಕಣ್ಣು ಮಂಜ ಆಗ್ಯಾವ, ಕುರುಡ ಆಗಿಲ್ಲ.

ಅದಲ್ಲಂದ್ರ ಯಾವದು ಅನ್ನೂದು ಬರಿ. ಆಗಂಗಿಲ್ಲ ಅಂದ್ರ ಏನರ್ಥ? ಬರಿಯಾಕ ಕೈ ಬೇಕು, ಪೆನ್ನು ಬೇಕು. ಎರಡೂ ಅವ ನಿನ್ನ ಹತ್ತರ.

ನಿನ್ನ ಆಯಿ

---

ಸೊಲ್ಲಾಪುರ
೨ ಅಕ್ಟೋಬರ್ ೧೯೯೭

ಆಯಿ,

ನೀ ಅನಕೊಂಡಂಗ ಏನೂ ಇಲ್ಲ. ಇದ್ದಿದ್ರ ಚೊಲೋ ಆಗ್ತಿತ್ತು, ಅದನ್ನ ಬರಿಯಾಕ ಇಷ್ಟು ದಿನ ಹತ್ತತಿರಲಿಲ್ಲ.

ಅಣ್ಣಾರಾಯ ಸುಳ್ಳ ಹೇಳಿಲ್ಲ. ಅಂವ ಹಾಕ್ಯಾನ. ಹಾಕಿದ್ದು ಪರದೆ ಮ್ಯಾಲ ನೋ‌ಡ್ಯಾನ, ಅದೂ ಖರೆ. ಸುಳ್ಳ ಹೇಳಿದ್ದು ಯಂತ್ರ. ಹ್ಯಾಂಗ ಅಂತ ಬರೀತೀನಿ, ಸಮಾಧಾನಲೆ ಓದು.

ಯಂತ್ರದಾಗ ಎರಡು ಜಾಗಾ ಅವ. ಒಂದು ನೆನಪು. ಕರೆಂಟ್ ಇರೂ ತನಕ ಅಷ್ಟ, ಹೋದ್ರ ಒರಸಿ ಹೋಗ್ತದ. ಇನ್ನೊಂದು ಡಿಸ್ಕ್. ತಿರುಗೂ ತಟ್ಟಿ ಅದು, ಅದರ ಮ್ಯಾಲ ಬರದಿದ್ದು ಕರೆಂಟ್ ಹೋದ್ರೂ ಉಳೀತದ. ಅಣ್ಣಾರಾಯ ಬಡದ ಅಕ್ಷರ ಮೊದಲ ನೆನಪಿಗೆ ಬರ್ತಾವ, ಆಮ್ಯಾಲ ಡಿಸ್ಕಿಗೆ ಹೋಗ್ತಾವ. ಒಯ್ಯೂ ಕೆಲಸ ಕರ್ನಲ್ ಅಂತ ಒಂದು ಪ್ರೋಗ್ರಾಮದ್ದು. ಎಲ್ಲಾದರ ಕೆಳಗ ಕುಂತು ಯಂತ್ರ ನಡಸೂದು ಅದ. ನಮ್ಮ ಕಂಪನ್ಯಾಗ ನಾವು ಬರಿಯೂದು ಅದರಾಗಿನ ಒಂದು ತುಂಡು, ಡಿಸ್ಕಿನ ಜೋಡಿ ಮಾತಾಡೂ ತುಂಡು.

ನೀ ಬುತ್ತಿ ಕಟ್ಟಿ ಕಲ್ಲಣ್ಣ ಮಾಮಾನ ಕೈಗೆ ಕೊಡ್ತಿ. ಅಂವ ಬಂದು ನನ್ನ ಬಾಗಲಾ ಬಡೀತಾನ. ತಗೀಲಿಲ್ಲಂದ್ರ ಮತ್ತೊಮ್ಮೆ ಬಡೀತಾನ. ಆಗೂ ತಗೀಲಿಲ್ಲಂದ್ರ ಬುತ್ತಿ ಹೊಳ್ಳಿ ಒಯ್ದು, ಮುಟ್ಟಿಲ್ಲ ಆಯಿ ಅಂತ ಹೇಳ್ತಾನ. ನಮ್ಮ ತುಂಡೂ ಹಂಗ ಮಾಡಬೇಕಿತ್ತು. ದವಾಖಾನಿ ಡಿಸ್ಕಿನ ಒಂದು ಜಾಗಾ ಕೆಟ್ಟಿತ್ತು. ಇಲ್ಲಿ ಬರಿಯಾಕ ಆಗವಲ್ದು ಅಂತ ಡಿಸ್ಕ್ ಹೇಳಿತು. ನಮ್ಮದು ಮತ್ತ ಮತ್ತ ಬಡೀತು. ಆಗಲಿಲ್ಲ. ಆಗ ಬ್ಯಾರೆ ಜಾಗಾ ಹುಡುಕಬೇಕು. ಅದೂ ಆಗದಿದ್ರ, ಆಗಿಲ್ಲ ಅಂತ ಮ್ಯಾಲ ಹೇಳಬೇಕು. ಒಮ್ಮೆ ಹೇಳಿ ಬಿಡೂದಲ್ಲ, ಯಾರು ಕೇಳಿದ್ರೂ, ಎಷ್ಟು ಸಲ ಕೇಳಿದ್ರೂ ಆಗಿಲ್ಲ ಅಂತ ಹೇಳಬೇಕು. ಹೇಳಿದ್ರ ಪರದೆ ಮ್ಯಾಲ ಬರ್ತಿತ್ತು, ಅಣ್ಣಾರಾಯ ಚೀಟಿ ಹರೀತಿರಲಿಲ್ಲ. ನಮ್ಮದು ಏನು ಮಾಡಿತು ಅಂದ್ರ, ಬಡದು ಬ್ಯಾಸತ್ತು, ಆತು ಅಂತ ಹೇಳಿಬಿಟ್ಟಿತು.

ಅಕ್ಷರ ನೆನಪಿನಾಗ ಇನ್ನೂ ಇದ್ವು. ಅದಕ್ಕ ಅಂವ ತಗದು ನೋಡಿದ್ರ ಕಂಡ್ವು. ಸಂಜೀಕ ಯಂತ್ರ ಬಂದ್ ಮಾಡಿದಾಗ ಹೋದ್ವು.

ಬೇಕಂತನ ಹಂಗ ಬರದಾರ ಆಯಿ. ನನಗಿಂತ ಮೊದಲಿದ್ದವರು. ತಕ್ರಾರ ಪರದೆ ಮ್ಯಾಲ ಬಂದ್ರ ಗಿರಾಕಿ ಅಂಜಿ ಫೋನ್ ಮಾಡ್ತಾರ, ಮಾಲ ಖರಾಬ ಅಂತಾರ. ಅದಕ್ಕ ತಕ್ರಾರ ಮ್ಯಾಲ ಬರದಂಗ ಮಾಡ್ರಿ ಅಂತ ನಮ್ಮ ದಿಗಂಬರ ಸಾಹೇಬ್ರು ಹೇಳಿದ್ರಂತ. ಕಂಪನಿ ಅವರದು.

ಪರದೆ ಮ್ಯಾಲ ಕಂಡ್ರ ಯಂತ್ರದ ಹೊಟ್ಟಿಗೆ ಇಳೀತು ಅಂತ ತಿಳಿ, ಚೀಟಿ ಹರದು ಒಗಿ, ಇಲ್ಲಂದ್ರ ಒಂದ ಚೀಟಿ ಎರಡು ಸಲ ಹಾಕ್ತಿ ಅಂತ ಅಣ್ಣಾರಾಯಗ ಕಲಿಸಿದಾಕಿ ನಾ.

ಮಣ್ಣಿನ ಮರುದಿನ ದವಾಖಾನಿಗೆ ಹೋಗಿ ಅತ್ತಿ ಹಾಳಿ ತಗದೆ. ಅದರಾಗ ನಾಕು ಅಕ್ಷರ ಬಡದೆ. ಕಂಡ್ವು. ಬಂದ್ ಮಾಡಿ ಚಾಲೂ ಮಾಡಿದೆ. ಇರಲಿಲ್ಲ.

ಸ್ನೇಹಲ

---

ಅಕ್ಕಲಕೋಟ
೧೩ ಅಕ್ಟೋಬರ್ ೧೯೯೭

ಸ್ನೇಹಲ,

ನಿನ್ನ ಕಾಗದ ಓದಿದೆ, ತಿಳೀಲಿಲ್ಲ. ನಿಮ್ಮಪ್ಪಗ ಓದಿಸಿದೆ, ಅವಗೂ ತಿಳೀಲಿಲ್ಲ, ತಿಳದವರಂಗ ತಲಿ ಹಾಕಿದ. ಮತ್ತ ನಾನ ಬಾಗಲದಾಗ ಕುಂತು ಓದಿದೆ. ಆಗ ತಿಳೀತು. ನಿಮ್ಮ ಪ್ರೋಗ್ರಾಮ್ ಬುತ್ತಿ ಗಟಾರದಾಗ ಒಗದು ಬಂದು, ಹುಡುಗಿ ಉಂಡು ಕೈ ತೊಳಕೊಂಡ್ಲು ಆಯಿ ಅಂತ ಹೇಳಿತು. ಅಷ್ಟ ಹೌದಿಲ್ಲೊ? ಕಲ್ಲಣ್ಣ ಹಂಗ ಮಾಡಿದ್ರ ಡಿಪೋದವರು ಅವನ ಬಿಲ್ಲೆ ಕಸಗೊಂಡು ಮನಿಗೆ ಕಳಸ್ತಿದ್ರು. ನಿಮ್ಮಲ್ಲಿ ಯಾರ ಬಿಲ್ಲೆ ಯಾರು ಕಸಗೊಂಡ್ರು?

ನಮ್ಮ ಮನ್ಯಾಗ ಈ ವರ್ಷ ದಸರಾ ಇಲ್ಲ. ಆದ್ರೂ ಬನ್ನಿ ಎಲಿ ಸೆರಗಿನಾಗ ಕಟಗೊಂಡು ಗುರುಬಾಯಿ ಮನಿಗೆ ಹೋದೆ. ಬನ್ನಿ ಕೊಡಾಕ ಬಂದವರನ್ನ ಹೊರಗ ನಿಂದ್ರಿಸಾಕ ಬರಂಗಿಲ್ಲ, ಅದಕ್ಕ ಒಳಗ ಕರದ್ಲು.

"ಮಗಳನ್ನ ಕಳಕೊಂಡಾಕಿ ನೀ. ನಿನಗ ಏನನ್ನಲಿ" ಅಂದ್ಲು.

"ಬಾಯಿಗೆ ಬಂದದ್ದು ಅನ್ನು. ನಾ ಸಂತ್ಯಾಗ ಅಂದೀನಲ್ಲ" ಅಂದೆ.

ಅನಲಿಲ್ಲ. ಅಂದಿದ್ರ ಚೊಲೋ ಇತ್ತು.

ಅಣ್ಣಾರಾಯ ಒಳಗಿನ ಖೋಲ್ಯಾಗ ಕುಂತಿದ್ದ. ಗಡ್ಡ ಬಿಟ್ಟಾನ. ನಿನ್ನ ಕಾಗದ ಅವನ ಮುಂದ ಓದಿದೆ. ಎಲ್ಲಾ ಕೇಳಿದ. ಕೇಳಿ ಏನಂದ ಗೊತ್ತದೇನು? "ಇಲ್ಲ ಆಯಿ. ನಾ ಹಾಕಿಲ್ಲ."

"ಕಣ್ಣಿಲೆ ನೋಡೀನಿ ಅಂತ ನೀನ ಒದರ್ತಿದ್ದೆಲ್ಲೊ."

"ಹಂಗ ಅನಿಸಿತ್ತು. ಹಾಕಬೇಕು ಅಂತ ಮನಸಿನಾಗ ಇತ್ತು, ಹಾಕಿದಂಗ ಕಂಡಿರಬೇಕು. ನನ್ನ ತಪ್ಪು, ನನ್ನ ಚೂಕು ಅಂತ ಪೋಲಿಸರಿಗೆ ಬರದು ಕೊಟ್ಟೀನಿ. ಸ್ನೇಹಲ ಪಾಪ, ನಮ್ಮ ಸಮಾಧಾನಕ್ಕ ಬರದಾಳ."

"ಸಮಾಧಾನಕ್ಕ ಬರಿಯೂ ಜಾತಿ ಅಲ್ಲೊ ಅದು, ನನ್ನ ಮೊಮ್ಮಗಳು" ಅಂದೆ. ನಗಲಿಲ್ಲ.

ಹೊರಗ ಬಂದಾಗ ಗುರುಬಾಯಿ ಹೇಳಿದ್ಲು. ಉಂಡು ಎದ್ದ ಮ್ಯಾಲ ನಾ ಉಂಡೆ ಏನವ್ವಾ ಅಂತ ಕೇಳ್ತಾನಂತ. ಹೂಂ ಅಂದ್ರ ನಂಬಂಗಿಲ್ಲ, ಕೈ ಮೂಸಿ ನೋಡಕೋತಾನಂತ. ಬಾಗಲಾ ಹಾಕಿ ಬಂದು ಕುಂಡ್ರತಾನ, ಹಾಕೀನೋ ಇಲ್ಲೋ ಅಂತ ಎದ್ದು ಹೋಗ್ತಾನ, ಮತ್ತ ಕುಂಡ್ರತಾನ, ಮತ್ತ ಹೋಗ್ತಾನ. ಕಣ್ಣಿಗೆ ಕಂಡದ್ದು ಇರಲೇ ಇಲ್ಲ ಅಂತ ಊರೆಲ್ಲಾ ಹೇಳಿತು ನೋಡು, ಈಗ ಅವಗ ಕಣ್ಣಿಗೆ ಕಂಡದ್ದು ಯಾವದೂ ಇಲ್ಲ.

ಇನ್ನೊಂದು. ನೀ ಎಲ್ಲಾ ಬರದಿ, ಒಂದು ಬಿಟ್ಟಿ. ಮರುದಿನ ಹೋಗಿ ಅತ್ತಿ ಹಾಳಿ ತಗದೆ, ಬಡದೆ, ಬಂದ್ ಮಾಡಿದೆ, ಚಾಲೂ ಮಾಡಿದೆ ಅಂತಿ. ಏನಾಗ್ಯದ ಅಂತ ಗೊತ್ತಿಲ್ಲದಾಕಿ ಅಲ್ಲಿ ಇಲ್ಲಿ ಹುಡುಕ್ತಾಳ, ನಾಕು ಮಂದಿಗೆ ಕೇಳ್ತಾಳ. ನೀ ಸೀದಾ ಅದ ಜಾಗಾಕ್ಕ ಕೈ ಹಾಕಿದಿ. ಅಂದ್ರ ಉಮಾ ಸಾಯೂಕಿಂತ ಮೊದಲ ನಿನಗ ಗೊತ್ತಿತ್ತು. ಎಂದಿನಿಂದ ಗೊತ್ತಿತ್ತು ಅಂತ ಬರಿ.

ಶಾರದಾಬಾಯಿ

---

ಸೊಲ್ಲಾಪುರ
೫ ನವೆಂಬರ್ ೧೯೯೭

ಆಯಿ,

ಹೋಳಿ ಹುಣ್ಣಿವಿ ಮುಂದಿನಿಂದ.

ಬ್ಯಾರೆ ಒಂದು ಕೆಲಸಕ್ಕ ಆ ತುಂಡು ಓದಾಕತ್ತಿದ್ದೆ. ಡಿಸ್ಕ್ ಆಗಂಗಿಲ್ಲ ಅಂದ್ರ ಆ ಮಾತನ್ನ ಎಲ್ಲಿಗೆ ಒಯ್ತದ ಅಂತ ಬೆನ್ನು ಹತ್ತಿ ನೋಡಿದೆ. ಎಲ್ಲಿಗೂ ಒಯ್ಯಂಗಿಲ್ಲ. ಅಲ್ಲೇ ಕೈಬಿಟ್ಟು ಆತು ಅಂತದ. ದಿಗಂಬರ ಸಾಹೇಬರ ಖೋಲಿಗೆ ಹೋಗಿ ಹೇಳಿದೆ.

"ಬರೋಬ್ಬರಿ ಹಿಡದಿ" ಅಂದ್ರು. "ಹೊಸಾ ಯಂತ್ರದಾಗ ಸರಿ ಮಾಡಿಬಿಡು."

"ಹಳೇವು, ಸಾಹೇಬ?"

"ಡಿಸ್ಕ್ ಕೆಡೂದು ಏನು ದಿನಾ ಆಗ್ತದ? ಈಗ ಹೋಗಿ ಹಳೇವುದರಾಗ ಖೋಟ ಅದ ಅಂದ್ರ ಎಲ್ಲಾರೂ ಹೊಳ್ಳಿ ತಂದು ಒಗೀತಾರ."

ಹೊಸಾವುದರಾಗ ಸರಿ ಮಾಡಿದೆ. ಚಂದ ಆತು ಅಂತ ಎಲ್ಲಾರೂ ಅಂದ್ರು. ಅಕ್ಕಲಕೋಟದ್ದು ಹಳೇದು ಅಂತ ನನಗ ನೆನಪಿತ್ತು ಆಯಿ. ಅಣ್ಣಾರಾಯಗ ಒಂದು ಕಾರ್ಡ ಹಾಕಬೇಕು, ಚೀಟಿ ಹರೀಬ್ಯಾಡ, ಇಟ್ಟಿರು ಅಂತ, ಅನಕೊಂಡೆ. ಸಾಹೇಬರಿಗೆ ಹೇಳೀನಲ್ಲ, ಇನ್ನ ಅವರು ನೋಡಕೋತಾರ ಅಂತ ಬಿಟ್ಟೆ. ಹಾಕಲಿಲ್ಲ.

ನಿನ್ನ ಕಾಗದ ಬಂದ ಮ್ಯಾಲ ಮತ್ತ ಸಾಹೇಬರ ಮುಂದ ನಿಂತೆ. ಅಷ್ಟರಾಗ ಅವರು ಅಕ್ಕಲಕೋಟ ದವಾಖಾನಿಗೆ ಹೊಸಾ ಡಿಸ್ಕ್, ಹೊಸಾ ಪ್ರೋಗ್ರಾಮ್ ಹಾಕಿಸ್ಯಾರ. ಹಳೇ ಡಿಸ್ಕ್ ಅವರ ಕಪಾಟದಾಗ ಅದ, ಕೀಲಿ ಅವರ ಹತ್ತರ. ಅವರು ಒದರಾಡಲಿಲ್ಲ. ಅತ್ತಿದು ಕೇಳಿ ಕಣ್ಣಾಗ ನೀರು ತಂದ್ರು, ಖರೇನ ತಂದ್ರು. ಆಮ್ಯಾಲ ಅಂದ್ರು, "ನೀ ಬರದು ಕೊಟ್ರ ಕಂಪನಿ ಮುಚ್ಚತದ. ಇಲ್ಲಿ ಕುಂತವರೆಲ್ಲಾ ಮನಿಗೆ ಹೋಗ್ತಾರ. ನಿಮ್ಮ ಅತ್ತಿ ಹೊಳ್ಳಿ ಬರ್ತಾರೇನು?"

ಬ್ಯಾರೆ ಊರಿನ ದವಾಖಾನಿಗಳ್ಯಾಗ ಇನ್ನೂ ಹಳೇದ ನಡದದ. ದಿನಾ ಮುಂಜಾನಿ ಅದ ನೆನಪಾಗ್ತದ. ಯಾರೋ ಬಡೀತಾರ, ಪರದೆ ಮ್ಯಾಲ ನೋಡ್ತಾರ, ಚೀಟಿ ಹರೀತಾರ.

ಬಾಜೂಕ ಕುಂತವರ ಜೋಡಿ ನಕ್ಕೋತ ಊಟ ಮಾಡ್ತೀನಿ. ಅವರಿಗೆ ಏನೂ ಗೊತ್ತಿಲ್ಲ. ಈ ಕೆಲಸ ಬಿಟ್ರ ನನಗ ಬ್ಯಾರೆ ಯಾವದೂ ಬರಂಗಿಲ್ಲ, ಈ ಊರಾಗ ಇಂಥದ್ದು ಮತ್ತೊಂದು ಕಡೆ ಇಲ್ಲ. ನನಗ ಏನೂ ತಿಳಿವಲ್ದು.

ಸ್ನೇಹಲ

---

ಅಕ್ಕಲಕೋಟ
೧೭ ನವೆಂಬರ್ ೧೯೯೭

ಸ್ನೇಹಲ,

ಒಂದು ಕಾರ್ಡ.

ಕಾಗದ ಬಂದ ದಿನ ಉತ್ತರ ಬರಿಯಾಕ ಕುಂತಿದ್ದೆ. ನಿಮ್ಮವ್ವ ಪೆನ್ನು ಬಚ್ಚಿಟ್ಟಳು. ಚೊಲೋ ಮಾಡಿದ್ಲು. ಅವತ್ತು ಬರದಿದ್ರ ನೀ ಅದನ್ನ ಜನ್ಮ ಇರೂ ತನಕ ಓದತಿದ್ದಿ.

ನಿಮ್ಮ ಸಾಹೇಬಗ ಹೇಳು, ಉಮಾ ಹೊಳ್ಳಿ ಬರಂಗಿಲ್ಲ ಅಂತ ಅವನಿಗಿಂತ ಮೊದಲ ನನಗ ಗೊತ್ತಾಗ್ಯದ. ತೊಡಿ ಮ್ಯಾಲ ಆಕಿ ತಲಿ ಇಟಗೊಂಡು ಕುಂತಾಕಿ ನಾ. ಅದನ್ನ ನನಗ ಕಲಸೂದು ಬ್ಯಾಡ. ನಾ ಕೇಳಾಕತ್ತಿದ್ದು ಇನ್ನೂ ಜೀವಂತ ಇದ್ದವಂದು, ಅಣ್ಣಾರಾಯಂದು.

ಟ್ರಸ್ಟಿನವರ ಹತ್ತರ ಹೋಗಿದ್ದೆ. ನನ್ನ ಜಬಾಬ್ ಹೊಳ್ಳಿ ಕೊಡ್ರಿ, ಯಂತ್ರ ಸುಳ್ಳ ಹೇಳ್ಯದ ಅಂದೆ. ಈ ಸಲ ಕುರ್ಚಿ ಕೊಡಲಿಲ್ಲ. "ಬರ್ರಿ ಆಯಿ, ನೋಡ್ರಿ" ಅಂತ ಯಂತ್ರದ ಮುಂದ ಕರಕೊಂಡು ಹೋಗಿ ನನ್ನ ಹೆಸರು ಬಡದ್ರು. ಬಂದ್ ಮಾಡಿದ್ರು, ಚಾಲೂ ಮಾಡಿದ್ರು. ಶಾರದಾಬಾಯಿ ಅಂತ ಇತ್ತು ಅಲ್ಲೇ, ಗಟ್ಟಿ ಕುಂತಿತ್ತು. "ಎಲ್ಲದರಿ ಸುಳ್ಳ?" ಅಂದ್ರು. ನನ್ನ ಮೊಮ್ಮಗಳನ್ನ ಕೇಳ್ರಿ, ಆಕಿಗಿ ಗೊತ್ತದ ಅಂದೆ. "ಆಕಿ ಸಹಿ ಮಾಡಿ ಬರದು ಕೊಡಲಿ. ಮುದುಕ್ಯಾರ ಬಾಯಿಮಾತು ಕೋರ್ಟಿನಾಗ ನಡಿಯಂಗಿಲ್ಲ." ನಿನ್ನ ಕಾಗದ ನನ್ನ ಸೆರಗಿನಾಗ ಇತ್ತು. ತಗೀಲಿಲ್ಲ. ಅದು ನೀ ನನಗ ಬರದದ್ದು, ಅವರಿಗೆ ಬರದದ್ದಲ್ಲ. ನಿನ್ನ ಕೈಯಿಂದ ನಾ ಕಸಗೊಂಡು ಕೊಟ್ರ ಅದು ನಿನ್ನ ಮಾತು ಆಗಂಗಿಲ್ಲ.

ಡಿಸೆಂಬರದಾಗ ಕೇಸ ಕೋರ್ಟಿಗೆ ಬರ್ತದ. ನನ್ನ ಚೂಕು ಅಂತ ಅವನ ಬರದು ಕೊಟ್ಟಾನ, ಯಾವ ವಕೀಲ ಏನು ಮಾಡತಾನ. ಒಳಗ ಹಾಕ್ತಾರ. ಅದಕ್ಕೂ ನಾ ಅಂಜಂಗಿಲ್ಲ, ಒಳಗ ಹೋದಾಂವ ಹೊರಗ ಬರ್ತಾನ. ಮೊನ್ನೆ ಗುರುಬಾಯಿ ಬಂದಿದ್ಲು. ಇಷ್ಟು ದಿನ ಉಂಡೆ ಏನವ್ವಾ, ಬಾಗಲಾ ಹಾಕಿದೆ ಏನವ್ವಾ ಅಂತಿದ್ದ. ಈಗ ಹೊಸಾದು ಸುರು ಮಾಡ್ಯಾನಂತ. ಉಮಾಬಾಯಿಗೆ ಆ ಸೂಜಿ ನಾನ ಮಾಡಿದೆ ಏನವ್ವಾ, ಅಂತ ಕೇಳ್ತಾನಂತ. ಅಲ್ಲೊ, ನೀ ಸೂಜಿ ಎಂದು ಹಿಡದಿ ಅಂದ್ರ, ಹಿಡದಂಗ ನೆನಪದ ಅಂತಾನಂತ. ಹೇಳಿ ನನ್ನ ಮುಂದ ಕುಂತು ಅತ್ತಳು. ಆಕಿ ಕಣ್ಣೀರು ಒರಸಾಕ ನನ್ನ ಕೈ ಏಳಲಿಲ್ಲ.

ಅಂವ ಯಾರ ಮಾತೂ ನಂಬಂಗಿಲ್ಲ. ಕಾಗದ ಓದಿದ್ರ ಸಮಾಧಾನಕ್ಕ ಅಂತಾನ. ನೀ ನೌಕರಿ ಕಳಕೊಂಡು ಬಂದು ಅವನ ಮುಂದ ಕುಂತು, ನೀ ಹಾಕಿದ್ದಿ, ನೀ ನೋಡಿದ್ದು ಖರೆ, ಚೀಟಿ ಹರಿ ಅಂತ ಹೇಳಿದಾಕಿ ನಾ ಅಂದ್ರ ನಂಬಬಹುದು. ನಂಬತಾನ ಅಂತ ನಾ ಹೇಳಂಗಿಲ್ಲ. ತಡಾ ಆಗ್ಯದ.

ಟ್ರಸ್ಟಿಗೆ ಬರಿ. ಕೋರ್ಟಿಗೆ ಬರಿ. ಹಳೇ ಯಂತ್ರ ಇದ್ದ ಒಂದೊಂದು ದವಾಖಾನಿಗೂ ಬರಿ, ಅದನ್ನ ಎಲ್ಲಾದಕಿಂತ ಮೊದಲ ಬರಿ, ಅಲ್ಲಿ ಯಾರ ಮಗಳು ಬೆಂಚಿನ ಮ್ಯಾಲ ಕುಂತಾಳೋ ಯಾರಿಗೆ ಗೊತ್ತು. ಮರಾಠಿದಾಗ ಬರಿ, ನಿನಗ ಬರೂ ಭಾಷೆದಾಗ. ಹೋಳಿ ಹುಣ್ಣಿವಿ ಅನ್ನೂದೂ ಬಿಡಬ್ಯಾಡ. ಕೆಳಗ ನಿನ್ನ ಪೂರ್ತಿ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಹಾಕು. ಮಂದಿ ನಮ್ಮ ಮನಿ ಹೆಸರು ಏನಂತಾರೋ ಅನ್ನಲಿ. ನೌಕರಿ ಹೋದ್ರ ಮನಿಗೆ ಬಾ. ರೊಟ್ಟಿಗೇನು ಕಮ್ಮಿ ಇಲ್ಲ. ಉಮಾನ ಹಾಸಗಿ ಇನ್ನೂ ಸುತ್ತಿಟ್ಟದ, ಅದರ ಮ್ಯಾಲ ಮಲಕೊ. ನಾ ನಿನಗ ಏನೂ ಅನ್ನಂಗಿಲ್ಲ ಅಂತ ಮಾತು ಕೊಡಾಕ ಬರಂಗಿಲ್ಲ. ಅಂತೀನಿ. ಕೇಳಕೊಂಡು ಇರು.

ಬರಿಯಾಕ ಆಗಂಗಿಲ್ಲಂದ್ರ, ಆಗಂಗಿಲ್ಲ ಆಯಿ ಅಂತ ಅದನ್ನಾದ್ರೂ ಬರಿ. ನಾ ಗುರುಬಾಯಿ ಮನಿಗೆ ಹೋಗಿ, ನನ್ನ ಮೊಮ್ಮಗಳು ಬರಂಗಿಲ್ಲ ಅಂತ ಹೇಳಿ ಬರಬೇಕಾಗ್ತದ. ಅದನ್ನೂ ಮಾಡ್ತೀನಿ. ಆದ್ರ ನಾ ಆರಾಮ ಇದ್ದೀನಿ ಅಂತ ಮಾತ್ರ ಬರೀಬ್ಯಾಡ.

ಹೂಂ ಅನ್ನು, ಇಲ್ಲ ಅನ್ನು. ಡಿಸೆಂಬರ್ ಹುಟ್ಟೂದರೊಳಗ ನಿನ್ನ ಉತ್ತರ ನನ್ನ ಕೈಯಾಗ ಇರಬೇಕು.

ನಿನ್ನ ಆಯಿ
ಶಾರದಾಬಾಯಿ